ಸುಕನ್ಯಳಿಗೆ ಹೇಗಿದೆ

ಬೂಕನಕೆರೆ
ತಾ. ೨೮-೧೧-೧೯೯೪

ಪೂಜ್ಯ ಅತ್ತೆಯವರಿಗೆ,

ನಿಮ್ಮ ಸೊಸೆ ಅರ್ಪಿತ ಇಲ್ಲಿಂದಲೇ ಕಾಲುಮುಟ್ಟಿ ಮಾಡುವ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಂಡಿನೋವು ಹೇಗಿದೆ? ನಾಗಮಂಗಲದ ನೀರು ಗಡುಸು, ಅಲ್ಲಿ ಬೇಳೆಯೇ ಬೇಯುವುದಿಲ್ಲ ಎಂದು ಮಾವ ದಿನಕ್ಕೊಂದು ಸಲ ಹೇಳುತ್ತಾರೆ. ನೀವಿಲ್ಲದೆ ಅವರಿಗೆ ಬೇಸರವಾಗಿದೆ ಎಂದು ಅದರ ಅರ್ಥ. ನಾದಿನಿ ಸುವರ್ಣ ಹೇಗಿದ್ದಾಳೆ? ಕೂಸಿಗೆ ಹಾಲು ಸಾಲುತ್ತಿದೆಯೇ? ಹಸಿಮೈ, ಗಾಳಿಗೆ ಓಡಾಡದೆ ತಲೆಗೆ ಬಟ್ಟೆ ಕಟ್ಟಿಕೊಂಡಿರಲಿ. ಓದುವ ಬರೆಯುವ ಕೆಲಸವನ್ನಂತೂ ಮಾಡಿಸಲೇ ಬೇಡಿ. ಬಾಣಂತಿ ಅಕ್ಷರ ನೋಡಿದರೆ ಕಣ್ಣು ಹೋಗುತ್ತದೆಂದು ನಮಗೆಲ್ಲ ಕಲಿಸಿದವರು ನೀವೇ. ಆದ್ದರಿಂದ ಈ ಕಾಗದವನ್ನೂ ಅವಳ ಕೈಗೆ ಕೊಡಬೇಡಿ. ಅವಳ ಅತ್ತೆ, ಬೀಗಿತ್ತಿ ಪುಟ್ಟಗೌರಮ್ಮನವರೇ ಕನ್ನಡಕ ಹಾಕಿಕೊಂಡು ಓದಿ ಹೇಳಲಿ. ನಿಮಗೆ ಓದಲು ಬಾರದು, ಗಂಡಸರು ಬೆಳಿಗ್ಗೆಯೇ ಕೆಲಸಕ್ಕೆ ಹೋಗಿರುತ್ತಾರೆ, ಹಾಗಾಗಿ ಅವರನ್ನು ಬಿಟ್ಟರೆ ಇದನ್ನು ಓದುವವರು ಆ ಮನೆಯಲ್ಲಿ ಇಲ್ಲ. ಇದೆಲ್ಲ ಗೊತ್ತಿದ್ದೇ ಬರೆಯಲು ಕುಳಿತಿದ್ದೇನೆ.

ಇಲ್ಲಿಯ ಸಮಾಚಾರ ಇಷ್ಟೇ. ರಾಗಿ ಕೊಯ್ಲು ಶುರುವಾಗಿದೆ. ಕೆಂದ ಹಸು ಗಬ್ಬವಾಗಿದೆ, ಹಾಲು ಕಡಿಮೆ ಮಾಡಿದೆ, ಡೇರಿಗೆ ಹಾಕುವುದನ್ನು ನಿಲ್ಲಿಸಿ ಮನೆಗೇ ಇಟ್ಟುಕೊಂಡಿದ್ದೇವೆ. ನಿಮ್ಮ ಮಗ ಆರೋಗ್ಯವಾಗಿದ್ದಾರೆ. ಪುಟ್ಟಗೌರಮ್ಮನವರು ಬಂದಿದ್ದ ಆ ದಿನ ಕಂಬಕ್ಕೆ ಒರಗಿಕೊಂಡು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರಲ್ಲ, ಆ ತಪ್ಪಿಗೆ ನಾಲ್ಕೈದು ದಿನ ಉಪ್ಪಿಲ್ಲದ ಸಾರು ಉಂಡರು. ಈಗ ಉಪ್ಪು ಹಾಕುತ್ತಿದ್ದೇನೆ. ಅವರ ಲೆಕ್ಕ ಮುಗಿಯಿತು. ನಿಮ್ಮದು ಮುಗಿದಿಲ್ಲ.

ನಿಮ್ಮ ಕಾರ್ಡು ಕಳೆದ ವಾರ ಬಂತು. ಅಕ್ಷರ ಪುಟ್ಟಗೌರಮ್ಮನವರದು, ಮುತ್ತು ಪೋಣಿಸಿದ ಹಾಗಿತ್ತು. ಮಾವ ಅದನ್ನು ಜಗುಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ಹೆಣ್ಣುಮಗು, ತೂಕ ಚೆನ್ನಾಗಿದೆ, ಬಣ್ಣ ನಮ್ಮ ಕಡೆಯದು, ಇಷ್ಟೂ ಓದಿ ಖುಷಿಪಟ್ಟು ಆಮೇಲೆ ತಡವರಿಸಿದರು. "ಸುಕನ್ಯಳಿಗೆ ಹೇಗಿದೆ? ಸ್ಕೂಟರಿನಿಂದ ಬಿದ್ದವಳು ಕಣ್ಣು ಬಿಟ್ಟಳೇ? ಆ ಹುಡುಗ ಪ್ರಶಾಂತ ಆಸ್ಪತ್ರೆಗೆ ಬಂದು ನೋಡಿದನೇ? ಬ್ರೇಕಿನ ವೈರು ಕತ್ತರಿಸಿದ್ದು ಯಾರೆಂದು ಗೊತ್ತಾಯಿತೇ? ಕೂಡಲೇ ತಿಳಿಸುವುದು." ಅದರ ಕೆಳಗೆ ಪುಟ್ಟಗೌರಮ್ಮನವರು ತಾವಾಗಿಯೇ ಒಂದು ಸಾಲು ಸೇರಿಸಿದ್ದರು. ಪಾಪ, ವಯಸ್ಸಿನ ಹುಡುಗಿ ಬೇಗ ಗುಣವಾಗಲೆಂದು ಸೌಮ್ಯಕೇಶವನಿಗೆ ಅರ್ಚನೆ ಮಾಡಿಸಿದ್ದಾರಂತೆ. ನಕ್ಷತ್ರ ಗೊತ್ತಿಲ್ಲದೆ ಬರೀ ಹೆಸರಿಗೆ ಮಾಡಿಸಿದ್ದರಿಂದ, ನಕ್ಷತ್ರ ಬರೆದು ಕಳಿಸಿದರೆ ಇನ್ನೊಂದು ಸಲ ಮಾಡಿಸುತ್ತಾರಂತೆ.

"ಯಾವ ಸುಕನ್ಯಮ್ಮಾ ಇವ್ಳು? ನಮ್ ಪೈಕಿ ಯಾರ್ಗೂ ಆ ಎಸ್ರಿಲ್ವಲ್ಲ" ಎಂದು ಮಾವ ನನ್ನನ್ನು ಕೇಳಿದರು. ನಾನು ಗಂಜಾಂ ಕಡೆಯವಳು ಎಂದು ಹೇಳಿ ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ ಮೈಯೆಲ್ಲ ಉರಿಯಿತು. ಯಾರೆದುರು ನನ್ನ ಮಾನ ಕಳೆದಿರೋ ಆ ಬೀಗಿತ್ತಿಯ ಕೈಯಲ್ಲೇ ನನಗೆ ಕಾಗದ ಬರೆಸಿ, ನನ್ನ ಪುಸ್ತಕದ ಮುಂದಿನ ಕಥೆ ಕೇಳುತ್ತೀರಿ. ನಿಮ್ಮ ಧೈರ್ಯ ದೊಡ್ಡದು ಅತ್ತೆ.

ಪುಟ್ಟಗೌರಮ್ಮನವರೇ, ಈಗ ಸ್ವಲ್ಪ ನೀವು ಕೇಳಿ. ಓದುವುದನ್ನು ನಿಲ್ಲಿಸಬೇಡಿ, ಧ್ವನಿಯನ್ನೂ ತಗ್ಗಿಸಬೇಡಿ. ನೀವು ಪುರಾಣ ಓದುವುದನ್ನು ಕೇಳಲು ಅಕ್ಕಪಕ್ಕದವರು ಬಂದು ಕೂರುತ್ತಾರಂತೆ, ಇದನ್ನೂ ಹಾಗೆಯೇ ಓದಿ. ಸುಕನ್ಯ ನಮ್ಮ ನೆಂಟಳಲ್ಲ. ಅವಳಿಗೆ ನಕ್ಷತ್ರವಿಲ್ಲ. ಅವಳು ಕಾಲೇಜು ಹುಡುಗಿ, ಹಾಸ್ಟೆಲಿನಲ್ಲಿರುತ್ತಾಳೆ, ಪ್ರಶಾಂತನೆಂಬ ಹುಡುಗನನ್ನು ಪ್ರೀತಿಸುತ್ತಾಳೆ, ಅವಳನ್ನು ಕೊಲ್ಲಲು ಯಾರೋ ಹೊಂಚು ಹಾಕುತ್ತಿದ್ದಾರೆ. ಇಷ್ಟೂ ನಡೆಯುವುದು ಒಂದು ಕಾದಂಬರಿಯಲ್ಲಿ. ದೀಪಾವಳಿ ಕಳೆದ ಮೇಲೆ ನಮ್ಮ ಅತ್ತೆಯನ್ನು ಬಾಣಂತನಕ್ಕೆ ಕರೆಯಲು ನೀವು ಬಂದಿರಲ್ಲ, ಊಟವಾಗಿ ಅವರ ಚಾಪೆಯ ಮೇಲೆ ಅಡ್ಡಾದಾಗ ದಿಂಬಿನ ಕೆಳಗೆ ಗಟ್ಟಿಯಾಗಿ ಏನೋ ಒತ್ತಿತೆಂದು ಎಳೆದು ತೆಗೆದಿರಲ್ಲ, ಅದೇ ಪುಸ್ತಕ. ಮುಖಪುಟದಲ್ಲಿ ಸ್ಕೂಟರಿನ ಮೇಲೆ ಹುಡುಗ ಹುಡುಗಿ, ಅವರ ಹಿಂದೆ ಚಾಕು ಹಿಡಿದ ಕೈ. ನೀವು ಅದನ್ನು ಎರಡೇ ಬೆರಳಲ್ಲಿ ಹಿಡಿದು "ಇದ್ಯಾರ್ದು ಬೀಗಿತ್ತಿ?" ಎಂದು ಕೇಳಿದಿರಿ. ಯಾರ ದಿಂಬಿನ ಕೆಳಗಿತ್ತು ಎಂಬುದನ್ನು ಮಾತ್ರ ಆಗ ನೀವೂ ಯೋಚಿಸಲಿಲ್ಲ.

ಅತ್ತೆ, ನೀವು ಆಗ ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ. "ನಂಗೆ ಅಕ್ಸರಾನೇ ಬರಕ್ಕಿಲ್ಲ, ನಂದೆಲ್ಲಿಂದ ಬಂದಾತು? ನಮ್ ಸೊಸೇದು. ಮದ್ವೆ ಆಗಿ ಮೂರ್ವರ್ಸ ಆಯ್ತು, ಇನ್ನೂವೆ ಲವ್ವು ಗಿವ್ವು ಅಂತ ಓದ್ಕಂಡು ಕುಂತದೆ. ಅದ್ಕೇಯ ಇದ್ರ ಒಟ್ಟೇಲಿ ಒಂದೂ ನಿಂತಿಲ್ಲ." ನಾನು ಕೈಯಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ನೀವು ಬೀಗಿತ್ತಿಗೆ ನಿಮ್ಮ ಮಡಿವಂತಿಕೆ ತೋರಿಸಲು ನನ್ನ ಟ್ರಂಕು ತೆಗೆದು, ಸುಕನ್ಯಳದೂ ಸೇರಿ ಮಡಿಲು ತುಂಬ ನನ್ನ ಪುಸ್ತಕ ಹೊತ್ತುಕೊಂಡು ಹೋಗಿ ಬಚ್ಚಲ ಹಂಡೆಯ ಒಲೆಗೆ ಹಾಕಿದಿರಿ. ನನ್ನಿಂದಲೇ ನೀರು ತೋಡಿಸಿ ಪುಟ್ಟಗೌರಮ್ಮನವರಿಗೆ ಸ್ನಾನ ಮಾಡಿಸಿದಿರಿ. ಅವರು ಹೊರಗೆ ಬಂದು "ನೀರು ಅದ್ವಾಗಿ ಕಾದಿತ್ತು ಕಣವ್ವ" ಎಂದರು. ಕಾಯದೆ ಇರುತ್ತದೆಯೇ?

ಅವು ನನಗೆ ಏನಾಗಿದ್ದವು ಎಂದು ನಿಮಗೆ ಚೆನ್ನಾಗಿ ಗೊತ್ತು. ಬೇರೆಯವರು ತವರಿನಿಂದ ಪಾತ್ರೆ ಪಗಡ ತಂದರೆ ನಾನು ಗಂಜಾಮಿನಿಂದ ಒಂದು ಟ್ರಂಕು ಕಾದಂಬರಿ ತಂದೆ. ಹೈಸ್ಕೂಲಿನಲ್ಲಿದ್ದಾಗಿನಿಂದ ಹೊಳೆಯ ಮೆಟ್ಟಿಲ ಮೇಲೆ ಕೂತು, ಬಟ್ಟೆ ನೆನೆಹಾಕಿ ಒಗೆಯುವುದನ್ನು ಮರೆತು ಓದಿದವು. ಎಲ್ಲವೂ ಒಂದೇ ಥರ ಎಂದು ನಿಮ್ಮ ಮಗ ನಗುತ್ತಿದ್ದರು. ಎಲ್ಲದರಲ್ಲೂ ಒಬ್ಬ ಹುಡುಗಿ, ಒಬ್ಬ ಹುಡುಗ, ಒಂದು ಅನಾಮಧೇಯ ಪತ್ರ, ಒಂದು ಬೀಗ ಹಾಕಿದ ಕೋಣೆ. ನನಗೆ ಅದೇ ಇಷ್ಟ. ಬೀಗ ಇದೆ ಎಂದು ಮೊದಲೇ ಗೊತ್ತಿದ್ದರೂ ಅದು ತೆಗೆಯುವಾಗ ನನ್ನ ಕೈ ತಣ್ಣಗಾಗುತ್ತದೆ. ಹುಡುಗ ಮೊದಲ ಸಲ ಹುಡುಗಿಯ ಹೆಸರು ಹಿಡಿದು ಕರೆದಾಗ ನನ್ನನ್ನೇ ಕರೆದ ಹಾಗೆ ತಿರುಗಿ ನೋಡುತ್ತೇನೆ. ಕೊನೆಯ ಪುಟವನ್ನು ಮೊದಲು ತಿರುವಿ ನೋಡುವವರನ್ನು ಕಂಡರೆ ನನಗಾಗುವುದಿಲ್ಲ. ಈ ಹುಚ್ಚಿಗೆ ನಾನು ನಾಚಿಕೆಪಟ್ಟಿಲ್ಲ, ಇನ್ನು ಮುಂದೆ ಪಡುವುದೂ ಇಲ್ಲ.

ಆದರೆ ಈ ಹುಚ್ಚು ನನ್ನೊಬ್ಬಳದೇ ಆಗಿತ್ತೇ ಅತ್ತೆ? ನಾನು ಬಂದ ಹೊಸದರಲ್ಲಿ ಹಿತ್ತಲಲ್ಲಿ ಕೂತು ಓದುತ್ತ ಕಣ್ಣೊರೆಸಿಕೊಂಡದ್ದನ್ನು ನೋಡಿ "ಅದ್ಯಾಕಮ್ಮಿ ಅಳ್ತಾ ಕುಂತಿದ್ದೀಯೆ, ಯಾರ್ ಸತ್ರು?" ಎಂದು ಗದರಿದಿರಿ. ಹುಡುಗಿ ರೈಲು ಹತ್ತಿದಳು, ಹುಡುಗ ಸ್ಟೇಷನ್ನಿಗೆ ಬರಲೇ ಇಲ್ಲ ಎಂದೆ. ನೀವು ಸೊಂಟದ ಮೇಲೆ ಕೈಯಿಟ್ಟು ನಿಂತು, "ಬರ್ದೆ ಎಲ್ಗೋದನಂತೆ? ಓದು ಮುಂದ್ಕೆ" ಎಂದಿರಿ. ಅಂದಿನಿಂದ ನಿಮಗೆ ಮಧ್ಯಾಹ್ನದ ನಿದ್ದೆ ಬೇಡವಾಯಿತು. ಮಾವ ಗದ್ದೆಗೆ ಹೋದದ್ದೇ ತಡ ಬಾಗಿಲು ಮುಂದಕ್ಕೆ ಹಾಕಿ, ಮೊರದಲ್ಲಿ ಹುರುಳಿ ಸುರಿದುಕೊಂಡು ಕೂರುತ್ತಿದ್ದಿರಿ. ನಾನು ಓದಬೇಕು, ನೀವು ಕಲ್ಲು ಆರಿಸಬೇಕು. ಹುಡುಗಿ ಒಬ್ಬಳೇ ಮೆಟ್ಟಿಲಿಳಿಯುವ ಕಡೆ ನಿಮ್ಮ ಕೈ ನಿಂತುಬಿಡುತ್ತಿತ್ತು, ಕಲ್ಲು ಅಲ್ಲೇ ಉಳಿಯುತ್ತಿತ್ತು. ಸಾರಿನಲ್ಲಿ ಕಲ್ಲು ಕಡಿದಾಗಲೆಲ್ಲ ಮಾವ ನನ್ನನ್ನು ನೋಡಿದರು, ನಾನು ತಲೆ ತಗ್ಗಿಸಿದೆ, ನೀವು ಗಂಭೀರವಾಗಿ ಇನ್ನೊಂದು ಮುದ್ದೆ ಬಡಿಸಿದಿರಿ. ನಿನ್ನೆ ಮಾವನಿಗೆ ಇದನ್ನೆಲ್ಲ ಹೇಳಿಬಿಟ್ಟೆ. ಅವರು ದವಡೆ ಹಿಡಿದುಕೊಂಡು ತುಂಬ ಹೊತ್ತು ನಕ್ಕರು.

ನಾನೂ ಮೊದಲು ಓದಿರದ ಸುಕನ್ಯಳ ಪುಸ್ತಕವನ್ನಂತೂ ನೀವು ನನ್ನ ಕೈಯಲ್ಲೇ ಬಿಡುತ್ತಿರಲಿಲ್ಲ. ನಿಮ್ಮನ್ನು ಬಿಟ್ಟು ನಾನೊಬ್ಬಳೇ ಮುಂದೆ ಓದಿಬಿಡುತ್ತೇನೆಂದು ದಿಂಬಿನ ಕೆಳಗೆ ಇಟ್ಟುಕೊಂಡವರು ನೀವು. ಮುಂದೆ ಹೀಗಾಗಬಹುದು ಎಂದು ನಾನು ಊಹಿಸಿ ಹೇಳಿದರೂ "ಏಳ್ಬ್ಯಾಡ ಕಣಮ್ಮಿ, ನಾನೇ ಕಂಡಿಡೀತೀನಿ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದಿರಿ. ವಾರ್ಡನ್ನು ಮಾಡಿರಬೇಕು, ಸೋದರಮಾವ ಮಾಡಿರಬೇಕು ಎಂದು ರೊಟ್ಟಿ ತಟ್ಟುವಾಗಲೂ ಅದೇ ಚಿಂತೆ. ಪ್ರಶಾಂತನ ಮೇಲೆ ಮಾತ್ರ ನಾನು ಬೆರಳು ತೋರಿಸುವ ಹಾಗಿರಲಿಲ್ಲ. "ಆ ಉಡ್ಗ ಅಂತೋನಲ್ಲ. ಕಣ್ಣಾಗೇ ಗೊತ್ತಾಯ್ತದೆ" ಎಂದಿರಿ. ಕಾದಂಬರಿಯಲ್ಲಿರುವವನ ಕಣ್ಣನ್ನು ನೀವು ಎಲ್ಲಿ ನೋಡಿದಿರೋ. ನವರಾತ್ರಿಯಲ್ಲಿ ಗಂಜಾಮಿಗೆ ನನ್ನ ಜೊತೆ ಬಂದಾಗ ನಿಮಿಷಾಂಬ ಅಮ್ಮನವರಿಗೆ ಹಸಿರು ಬಳೆ ಕೊಟ್ಟು, ಆ ಇಬ್ಬರಿಗೂ ಬೇಗ ಮದುವೆಯಾಗಲಿ ಎಂದು ಕೈಮುಗಿದಿರಿ. ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ ಅತ್ತೆ. ಮಕ್ಕಳಿಲ್ಲದ ನಿಮ್ಮ ಸೊಸೆಯ ಹೆಸರಿನಲ್ಲೂ ಇನ್ನೊಂದು ಜೊತೆ ಬಳೆ ಕೊಡಬಹುದಿತ್ತು. ನಿಮಗೆ ಹೊಳೆಯಲಿಲ್ಲ. ಆಗ ನನಗೆ ನಗು ಬಂದಿತ್ತು. ಈಗ ಬರುವುದಿಲ್ಲ.

ಪುಸ್ತಕ ಸುಟ್ಟ ಮಾರನೆಯ ಬೆಳಿಗ್ಗೆ, ಬಸ್ಸು ಹತ್ತುವಾಗ, ನೀವು ನನ್ನ ಕಿವಿಯ ಹತ್ತಿರ ಬಂದಿರಿ. ಕ್ಷಮಿಸು ಎನ್ನುತ್ತೀರೇನೋ ಎಂದುಕೊಂಡೆ. ಎಂದಿದ್ದರೆ ಅಲ್ಲೇ ಕರಗಿಹೋಗುತ್ತಿದ್ದೆ, ನನ್ನ ಬುದ್ಧಿ ಅಷ್ಟೇ. ನೀವು ಹೇಳಿದ್ದು, "ಆ ಸುಕನ್ಯಂದು ಇನ್ನೊಂದು ಪುಸ್ತ್ಕ ಎಲ್ಲಾದ್ರೂ ಸಿಕ್ಕದೇ ನೋಡಮ್ಮಿ." ಬಸ್ಸು ಹೊರಟಿತು, ಪುಟ್ಟಗೌರಮ್ಮನವರು ಕಿಟಕಿಯಿಂದ ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದರು. ಈ ಊರಿನವರು ಏನಂದುಕೊಂಡರೂ ಇಷ್ಟು ನೋವಾಗುವುದಿಲ್ಲ. ನಾಳೆ ಆ ಕೂಸಿನ ನಾಮಕರಣಕ್ಕೆ ನಾನು ನಾಗಮಂಗಲಕ್ಕೆ ಬಂದರೆ ತೊಟ್ಟಿಲ ಹತ್ತಿರ ನಿಂತ ನನ್ನನ್ನು ಆ ಮನೆಯ ಹೆಂಗಸರು ಹೇಗೆ ನೋಡುತ್ತಾರೆಂದು ನೀವು ಯೋಚಿಸಿದ್ದೀರಾ? ಕೂಸನ್ನು ನನ್ನ ಕೈಗೆ ಕೊಡಲೂ ಹಿಂದೆ ಮುಂದೆ ನೋಡುತ್ತಾರೆ. ನನ್ನ ಸುಟ್ಟ ಪುಸ್ತಕಗಳು ವಾಪಸು ಬರುವುದಿಲ್ಲ, ಅದು ನನಗೂ ಗೊತ್ತು. ನೀವಾಡಿದ ಮಾತು ವಾಪಸು ಬರಬೇಕು. ಎಲ್ಲಿ ಆಡಿದಿರೋ ಯಾರೆದುರು ಆಡಿದಿರೋ ಅವರೆದುರೇ, ನಿಮ್ಮ ಬಾಯಿಂದಲೇ.

ಸುಕನ್ಯಳ ಪುಸ್ತಕ ಸಿಕ್ಕಿದೆ. ಪಾಂಡವಪುರದಲ್ಲಿರುವ ನನ್ನ ಗೆಳತಿಗೆ ಬರೆದಿದ್ದೆ, ಅವಳು ಅಲ್ಲಿಯ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಹುಡುಕಿಸಿ, ಅಂಗಡಿಯವನನ್ನು ಕಾಡಿ ಬೇಡಿ ಕೊಂಡು ಕಳಿಸಿದಳು. ಈ ಸಲ ಬಾಗಿಲು ಮುಂದಕ್ಕೆ ಹಾಕಲಿಲ್ಲ. ಜಗುಲಿಯ ಮೇಲೆ ಕೂತು, ಹೋಗಿಬರುವವರು ನೋಡಲಿ ಎಂದು ಮುಖಪುಟವನ್ನು ರಸ್ತೆಗೆ ಕಾಣುವಂತೆ ಹಿಡಿದುಕೊಂಡು ಓದಿದೆ. ಅಭ್ಯಾಸಬಲದಿಂದ ಗಟ್ಟಿಯಾಗಿ ಓದುತ್ತಿದ್ದೇನೆಂದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು. ಕೇಳುವವರು ಇರಲಿಲ್ಲ. ಆಗ ನಿಮ್ಮ ಮೇಲಿನ ಸಿಟ್ಟು ಇನ್ನೂ ಜಾಸ್ತಿಯಾಯಿತು. ಅಂತೂ ಪೂರ್ತಿ ಓದಿ ಮುಗಿಸಿದೆ. ಸುಕನ್ಯ ಕಣ್ಣು ಬಿಟ್ಟಳೋ ಇಲ್ಲವೋ, ವೈರು ಕತ್ತರಿಸಿದ್ದು ಯಾರೋ, ಎಲ್ಲ ನನಗೆ ಗೊತ್ತು. ಈ ಕಾಗದದಲ್ಲಿ ಬರೆಯುವುದಿಲ್ಲ.

ಪುಟ್ಟಗೌರಮ್ಮನವರೇ, ಇಷ್ಟು ಹೊತ್ತು ಓದಿದ್ದೀರಿ, ನೀರು ಕುಡಿಯಿರಿ. ನೀವು ಮಾಡಿಸಿದ ಅರ್ಚನೆಗೆ ಸುಕನ್ಯಳ ಪರವಾಗಿ ನಾನೇ ಕೈಮುಗಿಯುತ್ತೇನೆ. ಮಧ್ಯಾಹ್ನ ಬಿಡುವಿದ್ದರೆ ನಮ್ಮ ಅತ್ತೆಯಿಂದ ಅವಳ ಕಥೆಯನ್ನು ಮೊದಲಿನಿಂದ ಕೇಳಿ. ನನಗಿಂತ ಚೆನ್ನಾಗಿ ಹೇಳುತ್ತಾರೆ.

ಸುವರ್ಣಳಿಗೆ ಅಂಟಿನುಂಡೆ ಮಾಡಿ ಇಟ್ಟಿದ್ದೇನೆ, ಮುಂದಿನ ವಾರ ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ಹೊಸ ಕೂಸಿಗೆ ನೂರು ವರ್ಷ ಆಯುಸ್ಸು ಇರಲಿ, ಅದಕ್ಕೆ ಬೇಗ ಓದು ಬರಲಿ. ಹಿರಿಯರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಮರೆಯಬೇಡಿ.

ನಿಮ್ಮ ಸೊಸೆ,
ಅರ್ಪಿತ

ಮರೆತಿದ್ದೆ: ಮಾವ ಚಪ್ಪಲಿ ಮೆಟ್ಟಿಕೊಂಡು ಟಪಾಲಿಗೆ ಹಾಕಲು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬರೆಯುವುದಿಲ್ಲ ಎಂದಿದ್ದೆ, ಮನಸ್ಸು ತಡೆಯಲಿಲ್ಲ. ಕಿವಿ ಮುಚ್ಚಿಕೊಳ್ಳಬೇಡಿ ಅತ್ತೆ, ಪುಟ್ಟಗೌರಮ್ಮನವರು ಗಟ್ಟಿಯಾಗಿ ಓದಲಿ. ಸ್ಕೂಟರಿನ ಬ್ರೇಕು ಕತ್ತರಿಸಿದವನು ಪ್ರಶಾಂತ. ಇದು ನಿಜವೋ, ನಿಮ್ಮ ಹೊಟ್ಟೆ ಉರಿಸಲು ನಾನೇ ಕಟ್ಟಿದ್ದೋ ತಿಳಿಯಬೇಕಾದರೆ ಒಂದೇ ದಾರಿ. ನಾಮಕರಣದ ದಿನ ಆ ಮನೆಯ ಹೆಂಗಸರೆಲ್ಲ ತೊಟ್ಟಿಲ ಸುತ್ತ ಸೇರಿದಾಗ, ನನ್ನ ಹೊಟ್ಟೆಯ ಬಗ್ಗೆ ಆಡಿದ ಮಾತು ತಪ್ಪೆಂದು ಬಾಯಿಬಿಟ್ಟು ಹೇಳಿ, ಆ ಕೂಸನ್ನು ನಿಮ್ಮ ಕೈಯಾರೆ ಎತ್ತಿ ನನ್ನ ಮಡಿಲಿಗೆ ಹಾಕಿ. ಆಮೇಲೆ ಅಲ್ಲೇ ಕೂತು ಕೊನೆಯ ಅಧ್ಯಾಯ ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಕತ್ತರಿಸಿದವನು ಅವನೇ.