ನಲವತ್ತಮೂರು ಅಡಿ ದೂರದಿಂದ

ಓಕ್ಲಹೋಮಾ ಸಿಟಿ
೯ ನವೆಂಬರ್ ೨೦೨೫

ಪ್ರೀತಿಯ ಟಾನ್ಯಾ,

ಹೇಗಿದ್ದೀಯ? ನಿನ್ನ ಪತ್ರ ಬಂದು ಆರು ವಾರವಾಯಿತು. ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದೇನೆ. ಹಾಲು ತೆಗೆಯುವಾಗಲೆಲ್ಲ ಓದುತ್ತೇನೆ, ಉತ್ತರ ಬರೆಯದೆ ಬಾಗಿಲು ಮುಚ್ಚುತ್ತೇನೆ. ತರಗತಿಯ ಕೆಲಸ ಹೆಚ್ಚಾಗಿತ್ತು ಎನ್ನಬಹುದಿತ್ತು. ಆದರೆ ನಿನಗೆ ಸುಳ್ಳು ಹೇಳಿ ನನಗೇ ಸಾಕಾಗಿದೆ.

ಬರುವ ಫೆಬ್ರವರಿಯಲ್ಲಿ ನಮ್ಮ ಕಾಲೇಜಿನವರು ನಿನ್ನ ಹದಿನೇಳನೆಯ ನಂಬರನ್ನು ಸಾಫ್ಟ್‌ಬಾಲ್ ಮೈದಾನದ ಬೇಲಿಯ ಮೇಲೆ ಬರೆಸುತ್ತಾರೆ, ಇನ್ನು ಯಾವ ಹುಡುಗಿಗೂ ಆ ನಂಬರು ಕೊಡುವುದಿಲ್ಲ ಎಂಬ ಸುದ್ದಿ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಆ ದಿನ ನಾನೇ ಮಾತಾಡಬೇಕು ಎಂದಿದ್ದೀಯ. “ಪಿಚರ್ ಬಗ್ಗೆ ಕ್ಯಾಚರ್ ಬಿಟ್ಟು ಇನ್ಯಾರೇ ಹೇಳ್ತಾರೆ? ಉಳಿದೋರೆಲ್ಲ ನನ್ನ ಬೆನ್ನು ನೋಡಿದೋರು” ಎಂದು ಬರೆದಿದ್ದೀಯ. ನಿಜ. ಒಂಬತ್ತು ವರ್ಷ, ನೀನು ಎಸೆದ ಚೆಂಡು ಹಿಡಿಯಲು ಬ್ಯಾಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ನಲವತ್ತಮೂರು ಅಡಿ ದೂರದಿಂದ ನಿನ್ನ ಮುಖ ನೋಡಿದವಳು ನಾನು. ಆ ಮುಖವನ್ನು ಹೇಗೆ ನೋಡಿದೆ ಎನ್ನುವುದನ್ನು ಮೊದಲು ಹೇಳಬೇಕು. ಇದನ್ನು ಓದಿದ ಮೇಲೂ ನಾನು ಬರಬೇಕು ಅನ್ನಿಸಿದರೆ ಬರುತ್ತೇನೆ. ಬೇಡ ಅನ್ನಿಸಿದರೆ ಅದೂ ನ್ಯಾಯವೇ.

ಅಕ್ಟೋಬರಿನಲ್ಲಿ ತೊಮೊಎ ಬಂದಿದ್ದಳು. ಕಾಲೇಜು ಮುಗಿಸಿ ಜಪಾನಿನ ಕಂಪನಿ ತಂಡದಲ್ಲಿ ನೀನು ಆಡಿದ ಎರಡು ವರ್ಷ ನಿನ್ನ ಕೋಣೆ ಹಂಚಿಕೊಂಡಿದ್ದ ಅದೇ ತೊಮೊಎ. ಬೆಳಿಗ್ಗೆ ಆಫೀಸಿನಲ್ಲಿ ಕಾಗದಕ್ಕೆ ಮುದ್ರೆ ಒತ್ತಿ ಮಧ್ಯಾಹ್ನ ಮೈದಾನಕ್ಕೆ ಓಡುತ್ತಿದ್ದಿರಿ ಎಂದು ನೀನು ನಗುನಗುತ್ತಾ ಹೇಳುತ್ತಿದ್ದೆಯಲ್ಲ. ಈಗ ಅವಳು ಆ ತಂಡಕ್ಕೇ ಕೋಚ್. ಸ್ನೇಹದ ಪಂದ್ಯಗಳಿಗೆಂದು ಹುಡುಗಿಯರನ್ನು ಕರೆತಂದಿದ್ದಳು. ನಾನೇ ಅವಳನ್ನು ಊಟಕ್ಕೆ ಕರೆದೆ. ಅತಿಥಿಸತ್ಕಾರಕ್ಕಲ್ಲ. ಅವಳ ಬಾಯಿ ಬಿಡಿಸಲು.

೨೦೦೩ರ ಜುಲೈ ನಿನಗೆ ನೆನಪಿರದೆ ಇರುತ್ತದೆಯೇ? ಜಪಾನಿನ ಮೇಲೆ ದೇಶಕ್ಕಾಗಿ ಆಡಿದ ಆ ಫೈನಲ್. ಕೊನೆಯ ಇನಿಂಗ್ಸ್, ಇಬ್ಬರು ಔಟ್, ನಮಗೆ ಒಂದು ರನ್ ಮುನ್ನಡೆ, ನಿನ್ನ ಬೆನ್ನ ಹಿಂದಿನ ಎರಡನೇ ಬೇಸಿನಲ್ಲಿ ನನಗೆ ಎದುರಾಗಿ ಅವರ ಓಟಗಾರ್ತಿ, ಬ್ಯಾಟ್ ಹಿಡಿದು ತೊಮೊಎ. ನಿನ್ನ ನಿಧಾನದ ಎಸೆತ ಬೇಕೆಂದು ನಾನು ಬೆರಳಿನಲ್ಲಿ ಸನ್ನೆ ಮಾಡಿದೆ. ಬಿರುಸಿನ ಚೆಂಡಿನಂತೆಯೇ ಕೈ ಬೀಸಿ ಹೊರಟು, ಬ್ಯಾಟಿನ ಮುಂದೆ ಉಸಿರು ನಿಂತಂತೆ ಕುಸಿಯುವ ಎಸೆತ. ಕಾಲೇಜಿನ ನಾಲ್ಕು ವರ್ಷ ಅದನ್ನು ಯಾರೂ ಸರಿಯಾಗಿ ಮುಟ್ಟಿರಲಿಲ್ಲ. ತೊಮೊಎ ಮಾತ್ರ, ಹೊತ್ತು ಗೊತ್ತಿರುವ ಬಸ್ಸಿಗೆ ನಿಂತವಳಂತೆ ಆರಾಮಾಗಿ ಕಾದಳು. ಚೆಂಡು ಎಡಗಡೆಯ ಬೇಲಿ ದಾಟಿತು. ಅವರಿಗೆ ಎರಡು ರನ್, ನಾವು ಸೋತೆವು.

ನನ್ನ ಸನ್ನೆ ಗೊತ್ತಿದ್ದದ್ದು ಇಬ್ಬರಿಗೆ. ನಾನು ಯಾರಿಗೂ ಹೇಳಿರಲಿಲ್ಲ. ಉಳಿದವಳು ನೀನು.

ಹಿಂದಿನ ದಿನ ಹೋಟೆಲಿನ ಸೋಫಾದಲ್ಲಿ ನೀವಿಬ್ಬರೂ ಒಂದೇ ಡಬ್ಬಿಯಿಂದ ಅನ್ನದ ಉಂಡೆ ತಿನ್ನುತ್ತಾ ನಗುತ್ತಿದ್ದಿರಿ. ನನ್ನನ್ನು ಕಂಡು ಮಾತು ನಿಲ್ಲಿಸಿದಿರಿ. “ಏನೇ ಅಷ್ಟೊಂದು ಗುಟ್ಟು?” ಎಂದೆ. “ನಿನ್ ಗೊರಕೆ ವಿಷ್ಯ ಕಣೇ. ಅಮೆರಿಕಾದ ಗುಡುಗು ಹೇಗಿರುತ್ತೆ ಅಂತ ತೋರಿಸ್ತಿದ್ದೆ” ಎಂದೆ ನೀನು. ಆಗ ನಕ್ಕೆ. ಮರುದಿನ ಸಂಜೆ ಅದೇ ನಗುವನ್ನು ಮತ್ತೆ ಮತ್ತೆ ನೆನೆದು ಅರ್ಥ ಹುಡುಕಿದೆ. ಬಸ್ಸಿನಲ್ಲಿ ನೀನು ನನ್ನ ಹೆಗಲಿಗೆ ಒರಗಿ ಅತ್ತೆ. ನಾನು ನಿನ್ನ ತಲೆ ಸವರುತ್ತಲೇ, ಈ ಅಳು ಎಷ್ಟು ನಿಜ ಎಂದು ತೂಗುತ್ತಿದ್ದೆ.

ಆಮೇಲೆ ಎಲ್ಲವೂ ಸಾಕ್ಷಿಯಾಯಿತು. ಒಸಾಕಾದಿಂದ ತೊಮೊಎ ಕಳಿಸುತ್ತಿದ್ದ ಕಾರ್ಡು, ನೀನು ಫೋನ್ ಹಿಡಿದು ಹೊರಗೆ ಹೋಗುವುದು, ಕೈಗವಸಿನಿಂದ ಬಾಯಿ ಮುಚ್ಚಿ ಮಾತಾಡುವುದು. ಎಲ್ಲ ಪಿಚರ್‌ಗಳೂ ಹಾಗೆಯೇ ಮಾತಾಡುತ್ತಾರೆ, ಗೊತ್ತಿತ್ತು. ನಿನ್ನ ಕೈಗವಸಿನ ಹಿಂದೆ ಮಾತ್ರ ಏನೋ ಇದೆ ಅನ್ನಿಸುತ್ತಿತ್ತು. ವೃತ್ತಿಪರ ಲೀಗಿನಲ್ಲಿ ಒಂದೇ ತಂಡಕ್ಕೆ ಆಡಿದ ಎರಡು ಬೇಸಿಗೆ, ಉಳಿದ ಪಿಚರ್‌ಗಳಿಗೆ ಒಂದು ಸನ್ನೆ, ನಿನಗೊಂದು ಬೇರೆ ಸನ್ನೆ ಇಟ್ಟಿದ್ದೆ. “ನಂಗ್ಯಾಕೇ ಬೇರೆ?” ಎಂದು ನೀನು ಕೇಳಿದೆ. “ನಿನ್ನ ಚೆಂಡೇ ಬೇರೆ ಅಲ್ವೇನೇ” ಎಂದೆ. ನೀನು ಹಿಗ್ಗಿದೆ. ಆ ಹಿಗ್ಗು ಈಗ ನನ್ನನ್ನು ಚುಚ್ಚುತ್ತದೆ.

ಇನ್ನೂ ಇದೆ. ಒಂದು ಸಂಜೆ ನೀನು ಸ್ನಾನಕ್ಕೆ ಹೋದಾಗ ನಿನ್ನ ಚೀಲ ತೆಗೆದು ನೋಡಿದೆ. ಒಳಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಹಾಳೆ. ಜಪಾನಿ ಅಕ್ಷರ, ಅಂಕಿ, ಕೆಂಪು ಶಾಯಿಯ ಗುರುತು. ಸಿಕ್ಕಿತು ಅಂದುಕೊಂಡೆ. ಕೆಳಗೆ ಹೋಗಿ ಅದರ ಪ್ರತಿ ತೆಗೆಸಿ, ನೀನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಮೂಲವನ್ನು ಹಿಂದಿಟ್ಟಿದ್ದೆ. ಯಾರ ಕೈಲೂ ಓದಿಸಲಿಲ್ಲ. ಓದಿಸಿದರೆ ನನ್ನ ಅನುಮಾನ ಸಾಯಬಹುದೆಂಬ ಹೆದರಿಕೆಯಿತ್ತೇನೋ. ಅದನ್ನು ಅಷ್ಟು ಅಕ್ಕರೆಯಿಂದ ಸಾಕಿದ್ದೆ.

ಆ ಪ್ರತಿಯನ್ನು ಊಟದ ಮೇಜಿನ ಮೇಲೆ ತೊಮೊಎಯ ಮುಂದೆ ಹರಡಿದೆ. ಅವಳು ಕನ್ನಡಕ ಏರಿಸಿ ಓದಿದಳು. ಆಮೇಲೆ ಕರಿದ ಬೆಂಡೆಕಾಯಿ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕಳು.

“ಅಯ್ಯೋ, ಇದೆಲ್ಲಿ ಸಿಕ್ತು? ನಮ್ಮ ಹಾಸ್ಟೆಲಿನ ಕಸದ ಪಟ್ಟಿ! ಸೋಮವಾರ, ಗುರುವಾರ ಸುಡೋ ಕಸ. ಬುಧವಾರ ಬಾಟ್ಲಿ. ಈ ಕೆಂಪು ಗುರುತೆಲ್ಲ ಟಾನ್ಯಾ ಸರದಿ. ಬಾಟ್ಲಿ ದಿನ ಬಾಳೆಹಣ್ಣಿನ ಸಿಪ್ಪೆ ಹಾಕಿ ವಾರ್ಡನ್ ಅಜ್ಜಿ ಕೈಲಿ ಮಂಗಳಾರತಿ ಮಾಡಿಸ್ಕೊಂಡಿದ್ಲು. ಆವತ್ತಿಂದ ಇದನ್ನ ಪಾಸ್‌ಪೋರ್ಟ್ ಥರ ಇಟ್ಕೊಂಡು ಓಡಾಡ್ತಿದ್ಲು.”

ನಾನು ನಗಲಿಲ್ಲ. “ಹಾಗಾದ್ರೆ ಆ ಎಸೆತ ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?” ಎಂದು ಪಟ್ಟು ಹಿಡಿದೆ.

ಅವಳು ಫೋರ್ಕ್ ಕೆಳಗಿಟ್ಟಳು. “ನಿಮಗೆ ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ವಾ? ನಿಮ್ಮ ಬಲ ಮಂಡಿ. ಆ ಎಸೆತ ಕೇಳಿದಾಗಲೆಲ್ಲ ಅವಳು ಕೈ ಬೀಸೋ ಮೊದಲೇ ನಿಮ್ಮ ಮಂಡಿ ನೆಲಕ್ಕೆ ಇಳೀತಿತ್ತು. ಎರಡನೇ ಬೇಸಲ್ಲಿದ್ದ ನಮ್ಮೋಳು ಅದನ್ನ ನೋಡಿ, ಹೆಲ್ಮೆಟ್ ಮುಟ್ಟಿ ನಂಗೆ ಸೂಚನೆ ಕೊಟ್ಲು. ನಾನು ಕಾದೆ. ಅಷ್ಟೇ.”

“ಟಾನ್ಯಾ ಏನೂ ಹೇಳಿರ್ಲಿಲ್ವಾ?”

“ಟಾನ್ಯಾನಾ?” ಅವಳಿಗೆ ಸಿಟ್ಟೇ ಬಂತು. “ನಾನು ತಮಾಷೆಗೆ ಕೇಳಿದ್ದಕ್ಕೇ ‘ನನ್ ಕ್ಯಾಚರ್ ಸುದ್ದಿಗೆ ಬಂದ್ರೆ ಹುಷಾರ್’ ಅಂದಿದ್ಲು.”

ಮನೆಗೆ ಬಂದು ಹಳೆಯ ಪಂದ್ಯದ ವಿಡಿಯೊ ಹಾಕಿದೆ. ಆ ದಿನ ಹನ್ನೊಂದು ನಿಧಾನದ ಎಸೆತ. ಹನ್ನೊಂದು ಸಲವೂ ನನ್ನ ಮಂಡಿ ಇಳಿದಿದೆ. ಕಾಲೇಜಿನ ಮೂರನೇ ವರ್ಷದ ಸೆಮಿಫೈನಲಿನಲ್ಲಿ ನಿನ್ನ ಚೆಂಡು ನನ್ನ ಕಾಲಡಿ ನುಸುಳಿ ಸೋತೆವಲ್ಲ, ಇನ್ನೊಮ್ಮೆ ಹಾಗಾಗಬಾರದೆಂದು ನನ್ನ ದೇಹ ತಾನೇ ಕಲಿತ ಆತುರ ಅದು. ನಿನ್ನ ಚೆಂಡನ್ನು ಕಾಯಲು ಹೋಗಿ ಊರಿಗೆಲ್ಲ ಸಾರಿದ್ದೆ.

ಅನುಮಾನ ಕೆಟ್ಟ ಅಭ್ಯಾಸ, ಟಾನ್ಯಾ. ಒಂದು ಸತ್ತರೆ ಇನ್ನೊಂದು ಹುಟ್ಟುತ್ತದೆ. ಈಗ ಅನ್ನಿಸುತ್ತಿದೆ: ನನ್ನೆದುರು ನಿಂತಿದ್ದವಳು ನೀನು. ನಿನಗೆ ಆ ಮಂಡಿ ಕಂಡಿರಲಿಲ್ಲವೇ? ಅಂದು ವರದಿಗಾರರು ಮುತ್ತಿಕೊಂಡಾಗ “ಸನ್ನೆ ಸರಿಯಾಗೇ ಇತ್ತು, ಎಸೆದೋಳು ನಾನು” ಎಂದೆಯಲ್ಲ, ಅದು ಬರೀ ಮಾತೋ, ಎಲ್ಲ ಗೊತ್ತಿದ್ದೂ ನನ್ನನ್ನು ಮರೆಮಾಡಿದ್ದೋ? ಇದಕ್ಕೆ ಉತ್ತರ ಬರೆಯಬೇಡ. ಗೊತ್ತಿತ್ತು ಎಂದು ನೀನು ಬರೆದರೆ ನಾನು ತಡೆದುಕೊಳ್ಳಲಾರೆ.

ಇಲ್ಲಿ ಚಳಿ ಶುರುವಾಗಿದೆ. ತರಗತಿಯಲ್ಲಿ ಕವಿತೆ ಓದಿಸುತ್ತೇನೆ. ಒಂದು ಸಾಲಿಗೆ ನಾಲ್ಕು ಅರ್ಥ ಹುಡುಕಿ ಎನ್ನುತ್ತೇನೆ, ಆಮೇಲೆ ಮನುಷ್ಯರ ಮೇಲೆ ಈ ವಿದ್ಯೆ ಪ್ರಯೋಗಿಸಬೇಡಿ ಎಂದು ಸೇರಿಸುತ್ತೇನೆ. ಮಕ್ಕಳು ನಗುತ್ತಾರೆ. ನೀನು ಕಲಿಸುವ ಹುಡುಗಿಯರ ತೋಳು ಗಟ್ಟಿಯಾಗಿರಲಿ. ಅವರೆದುರು ಕುಳಿತುಕೊಳ್ಳುವವರು ನನಗಿಂತ ಒಳ್ಳೆಯವರಾಗಿರಲಿ. ನಿನ್ನ ಮನೆಯಲ್ಲಿ ನಗು ತುಂಬಿರಲಿ.

ನಿನ್ನ
ಮಾರಿಸೆಲಾ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಮೇಲಿನದೆಲ್ಲ ಬರೀ ಮನಸ್ಸಿನ ಪಾಪವಾಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ. ಮರುವರ್ಷ ದೇಶದ ತಂಡದ ಆಯ್ಕೆಗೆ ಮೊದಲು ಕೋಚ್ ಹಾರ್ಲನ್ ವಾಡಿಕೆಯಂತೆ ನನ್ನೊಬ್ಬಳನ್ನೇ ಕೂರಿಸಿಕೊಂಡು ಪಿಚರ್‌ಗಳ ಹೆಸರು ಒಂದೊಂದಾಗಿ ಓದಿದರು. ನಾನು ಒಬ್ಬೊಬ್ಬರಿಗೂ ಒಂದು ಮಾತು ಹೇಳಿದೆ. “ಟಾನ್ಯಾ?” ಎಂದಾಗ ಬಗ್ಗಿ ಕಾಲುಕವಚದ ಪಟ್ಟಿ ಬಿಗಿಯತೊಡಗಿದೆ. ಬಿಗಿದದ್ದನ್ನೇ ಬಿಚ್ಚಿ ಮತ್ತೆ ಬಿಗಿದೆ. ಅವರು ಸ್ವಲ್ಪ ಕಾದು ಹಾಳೆ ತಿರುಗಿಸಿದರು. ನಮ್ಮ ಆಟದಲ್ಲಿ ಕ್ಯಾಚರ್ ಸುಮ್ಮನಾದರೆ ಅದರ ಅರ್ಥ ಒಂದೇ: ಆ ಪಿಚರ್ ಬೇಡ. ನಿನ್ನನ್ನು ತಂಡದಿಂದ ಕೈಬಿಟ್ಟು, ನಿನಗೆ ಮಾತ್ರ ವೇಗ ಕಡಿಮೆಯಾದದ್ದೇ ಕಾರಣ ಎಂದು ಹೇಳಿ ಕಳಿಸಿದರು. ನೀನು ನಂಬಿ ವೈದ್ಯರ ಬಳಿ ಹೋದೆ. ಹುಡುಕಿದರೆ ಯಾವ ಪಿಚರ್ ಭುಜದಲ್ಲಿ ಒಂದು ಸಣ್ಣ ಹರುಕು ಸಿಗುವುದಿಲ್ಲ? ಆ ಚಳಿಗಾಲ ನೀನು ಭುಜ ಕುಯ್ಯಿಸಿಕೊಂಡೆ. ಆಸ್ಪತ್ರೆಗೆ ಸೂಪ್ ತಂದು “ಇನ್ನು ಸರಿಹೋಗುತ್ತೆ ಕಣೇ” ಎಂದವಳು ನಾನು. ಆಮೇಲೆ ನಿನ್ನ ಚೆಂಡಿಗೆ ಹಿಂದಿನ ಬಿರುಸು ಬರಲೇ ಇಲ್ಲ. ಆಯ್ಕೆಗೆ ಮೊದಲಿನ ವರ್ಷವೆಲ್ಲ ನಿನ್ನ ಬಿರುಸಿನ ಎಸೆತ ಹಿಡಿದು ಹಿಡಿದು ನನ್ನ ಎಡ ಅಂಗೈ ಊದಿರುತ್ತಿತ್ತು. ನಿನ್ನ ಭುಜಕ್ಕೆ ಏನೂ ಆಗಿರಲಿಲ್ಲ, ಟಾನ್ಯಾ. ಅದು ಗೊತ್ತಿದ್ದವಳು ನಾನೊಬ್ಬಳೇ.