ಅಳೆಯದ ಸೊಂಟ

೪-೯-೨೦೨೪
ಗುತ್ತಿಗಾರಿನ ಗುಡ್ಡ ಹತ್ತಿ ಇಳಿದು ಇಂದು ಹನ್ನೊಂದು ಮನೆ ಸರ್ವೆ. ಮೂವತ್ತು ದಾಟಿದವರ ಬಿಪಿ, ಶುಗರ್, ಸೊಂಟದ ಸುತ್ತಳತೆ — ಆಶಾ ಕೆಲಸಕ್ಕೆ ಟೈಲರ್ ಕೆಲಸವೂ ಸೇರಿತು. ಕೊನೆಗೆ ಸುಹರಾಳ ಮನೆ. ಇಪ್ಪತ್ತು ವರ್ಷದ ಗೆಳತಿ. ಟೇಪ್ ಕಂಡದ್ದೇ ನಗು. "ನನ್ನ ಹೊಟ್ಟೆಗೆ ಅದು ಸಾಕಾಗ್ಲಿಕ್ಕಿಲ್ಲ ಪಂಕಜಕ್ಕ. ಎಂತಾದ್ರೂ ಬರೀರಿ. ಚಾ ಆರ್ತಾ ಉಂಟು."
ಕುಡಿದೆ. ಅಳೆಯದೆಯೇ ೮೦ ಅಂತ ಬರೆದೆ. ಎಂಬತ್ತು ಸೆಂಟಿಮೀಟರ್ ದಾಟಿದರೆ ಆಸ್ಪತ್ರೆಗೆ ಕಳಿಸಬೇಕಾಗಬಹುದು, ಅವಳಿಗೆ ಬೇಜಾರು.

೧೮-೧೧-೨೦೨೪
ಸುಹರಾ, ಗಂಡ ಅಹ್ಮದ್ ಕುಂಞಿ ಮೆಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೊರಟಿದ್ದಾರೆ. ಅಲ್ಲಿ ಮುಟ್ಟಾಗಬಾರದು — ಮುಂದೆ ಹಾಕುವ ಮಾತ್ರೆ ಬೇಕು. ಡಾಕ್ಟರ್ ಹತ್ತಿರ ಬರಲು ನಾಚಿಕೆ, ನನ್ನನ್ನೇ ಕಳಿಸಿದಳು.
ಡಾಕ್ಟರಮ್ಮ ಕೇಳಿದರು. "ಹೊಟ್ಟೆ ದಪ್ಪ ಉಂಟಾ? ಹೊಟ್ಟೆಯ ಕೊಬ್ಬು ಸುಮ್ಮನೆ ಕೂರುದಿಲ್ಲ. ಒಳಗೆ ಉರಿಯೂತ ಮಾಡ್ತದೆ, ರಕ್ತ ಹೆಪ್ಪುಗಟ್ಟುದು ಜಾಸ್ತಿ. ಅಂಥವರಿಗೆ ಈ ಮಾತ್ರೆ, ಮೇಲಿಂದ ವಿಮಾನದಲ್ಲಿ ಕೂರುದು — ಡೇಂಜರ್."
ಅಳೆಯಲೇ ಇಲ್ಲ ಅಂತ ಹೇಳಬಹುದಿತ್ತು. ಹೇಳಿದರೆ ನನ್ನ ಫಾರಂ ಸುಳ್ಳಾಗುತ್ತದೆ. "ಸೊಂಟ ಎಂಬತ್ತು ಮೇಡಂ" ಎಂದೆ. ಚೀಟಿ ಬರೆದುಕೊಟ್ಟರು.

೧೧-೧೨-೨೦೨೪
ಯಾತ್ರೆಯಿಂದ ಬಂದು ಮೂರು ದಿನ. ಸುಹರಾಳ ಎಡಗಾಲು ಊದಿದೆ. ನಡೆದದ್ದು ಜಾಸ್ತಿ ಆಯ್ತು ಅಂತ ಎಣ್ಣೆ ತಿಕ್ಕುತ್ತಾ ಕೂತಿದ್ದಾಳೆ! ಒಂದೇ ಕಾಲು... ಮುಟ್ಟಿದೆ, ಬಿಸಿ. ಆಗಲೇ ಜೀಪಿನಲ್ಲಿ ಪುತ್ತೂರಿಗೆ. ದಾರಿಯಲ್ಲಿ ಉಸಿರು ಸಿಗದೆ ನನ್ನ ಕೈ ಹಿಡಿದಳು.

೧೨-೧೨-೨೦೨೪, ಬೆಳಿಗ್ಗೆ
ಐಸಿಯು. ಹೆಪ್ಪುಗಟ್ಟಿದ ರಕ್ತ ಕಾಲಿನಿಂದ ಶ್ವಾಸಕೋಶಕ್ಕೆ ಹೋಗಿದೆಯಂತೆ. "ಸೊಂಟ, ತೂಕ ಮೊದಲು ಯಾರೂ ನೋಡಿಲ್ವಾ?" — ಇಲ್ಲಿಯ ಡಾಕ್ಟರ್. ಸುಹರಾ ಮಾಸ್ಕ್ ಸರಿಸಿದಳು. "ಪಂಕಜಕ್ಕ ಅಳೆದಿದ್ದಾರೆ. ಸರಿ ಇತ್ತು."
ನನ್ನನ್ನು ಉಳಿಸಲಿಕ್ಕೆ! ಆ ಸ್ಥಿತಿಯಲ್ಲಿ! ನಾನು ಅವಳ ಮಾಸ್ಕ್ ಸರಿ ಮಾಡಿದೆ.

೨-೨-೨೦೨೫
ಇಷ್ಟು ದಿನ ಪೆನ್ನು ಹಿಡಿಯಲಿಲ್ಲ. ಸುಹರಾ ಆ ಮರುದಿನವೇ ತೀರಿಹೋದಳು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಮಾಡಿದ್ದು ನಾನು, ಉಂಡದ್ದು ಅವಳು.
ಇವತ್ತು ಅಹ್ಮದ್ ಕುಂಞಿ ಕರೆದು ಕೂರಿಸಿ ತಾವೇ ಚಾ ಮಾಡಿ ಕೊಟ್ಟರು. "ನಾನು ಎಲ್ಲಿ ತಪ್ಪಿದೆ ಅಂತ ಯೋಚನೆ ಮಾಡುದು ಪಂಕಜಕ್ಕ. ಆದ್ರೆ ನೀವು ಅಳೆದು ನೋಡಿದ್ದೀರಲ್ಲ, ಎಲ್ಲ ಸರಿಯೇ ಇತ್ತಲ್ಲ. ನಮ್ಮ ಕೈಯಲ್ಲಿ ಎಂತದೂ ಇರ್ಲಿಲ್ಲ. ಅದೊಂದೇ ಸಮಾಧಾನ."
ಚಾ ಕುಡಿದು ಎದ್ದು ಬಂದೆ. ಹೇಳಿದರೆ ಆ ಸಮಾಧಾನವೂ ಹೋಗುತ್ತದೆ. ಹೇಳದಿದ್ದರೆ...