ಕೇಳದೆ ಕೊಟ್ಟ ಕಾಗದ

ಚೊಕ್ಕಸಂದ್ರ, ಪೀಣ್ಯ
೮ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ತಮ್ಮ ಅಂಬರೀಶನಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನನ್ನ ಮಗಳು ವೇಣಿಯನ್ನು ಕಟ್ಟಿಕೊಂಡ ಮೇಲೆ ನಿನಗೆ ‘ಅಳಿಯಂದಿರೇ’ ಎಂದು ಬಹುವಚನ ಹಾಕಿ ಬರೆಯಬೇಕಿತ್ತೇನೋ. ಆದರೆ ಮೂಗು ಒರೆಸಿ ಶಾಲೆಗೆ ಕಳಿಸಿದವನಿಗೆ ಬಹುವಚನ ಹಾಕಲು ನನಗೆ ಕೈ ಬರುವುದಿಲ್ಲ, ಬೇಕಾದರೆ ಕೋಪಿಸಿಕೋ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ದಿನಕ್ಕೆ ಎಂಟು ಗಂಟೆ ಮೆಷಿನ್ ಮುಂದೆ ನಿಂತೇ ಇರುತ್ತೀಯಂತೆ, ನೆಲ ಮಂಜುಗಡ್ಡೆಯ ಹಾಗೆ ತಣ್ಣಗಿರುತ್ತದಂತೆ. ಎರಡು ಜೊತೆ ಕಾಲುಚೀಲ ಹಾಕಿಕೋ, ನಾಚಿಕೆ ಪಡಬೇಡ. ಹೋದ ವಾರ ವಿಡಿಯೋದಲ್ಲಿ ನೋಡಿದಾಗ ನಿನ್ನ ಕೆನ್ನೆ ಒಳಗೆ ಹೋಗಿತ್ತು. ಕೇಳಿದರೆ ಕ್ಯಾಮೆರಾನೇ ಹಾಗೆ ಅಂದೆ. ಹಾಗಿದ್ದರೆ ಅದೇ ಕ್ಯಾಮೆರಾ ನನ್ನ ಕೆನ್ನೆಯನ್ನು ಮಾತ್ರ ಯಾಕೆ ಕಡುಬಿನ ಹಾಗೆ ತೋರಿಸಿತು? ಸುಳ್ಳು ಹೇಳುವುದನ್ನು ನೀನು ಚಿಕ್ಕವನಿದ್ದಾಗಿನಿಂದಲೂ ಸರಿಯಾಗಿ ಕಲಿಯಲಿಲ್ಲ.

ದಿನಾ ಫೋನಿನಲ್ಲಿ ಮಾತಾಡುವ ಅಕ್ಕ ಕಾಗದ ಯಾಕೆ ಬರೆದಳು ಎಂದು ನಿನಗೆ ಗಾಬರಿಯಾಗಿರುತ್ತದೆ. ಫೋನ್ ಬಂದರೆ ವೇಣಿ ಸ್ಪೀಕರ್ ಹಾಕಿ ನಡುವೆ ಇಟ್ಟುಕೊಂಡು ಕೂರುತ್ತಾಳೆ, ಒಂದು ಕಡೆ ಅಮ್ಮ, ಇನ್ನೊಂದು ಕಡೆ ನಾನು. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನನ್ನ ಫೋನು ನನ್ನ ಕೈಯಲ್ಲಿರುವುದಕ್ಕಿಂತ ಅವಳ ಕೈಯಲ್ಲಿರುವುದೇ ಹೆಚ್ಚು. ನಿನ್ನ ಜೊತೆ ಇಲ್ಲಿ ಟೂಲ್‌ರೂಮಿನಲ್ಲಿದ್ದ ನಂದೀಶ್ ಬರುವ ಮಂಗಳವಾರ ನೀನಿರುವ ಪರದೇಶದ ಊರಿಗೇ ಕೆಲಸಕ್ಕೆ ಹೊರಟಿದ್ದಾನೆ. ಹುರುಳಿಕಾಳಿನ ಚಟ್ನಿಪುಡಿಯ ಪೊಟ್ಟಣ ತೆಗೆದುಕೊಂಡು ಹೋಗಲು ಇವತ್ತು ಸಂಜೆ ಮನೆಗೆ ಬರುತ್ತಾನೆ. ವೇಣಿ, ಅಮ್ಮ ಇಬ್ಬರೂ ದೇವಸ್ಥಾನಕ್ಕೆ ಹೋಗಿದ್ದಾರೆ. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ರಿಜಿಸ್ಟರ್ ಬರೆದ ಕೈ ಇದು, ಅವರು ಬರುವುದರೊಳಗೆ ಬರೆದು ಮುಗಿಸುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದದ್ದೇ. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ‘ನಮ್ ವೇಣಿ ಇಮಾನ ಅತ್ತವ್ಳೆ’ ಎಂದು ಹೇಳಿಕೊಂಡು ಬರುತ್ತಾಳೆ. ಜನ ಬಂದು ನನ್ನನ್ನು ಕೇಳುತ್ತಾರೆ, ಯಾವತ್ತು ಹೋದಳು, ನೆನ್ನೆ ತಾನೇ ಅಂಗಡಿಯಲ್ಲಿ ನೋಡಿದೆವಲ್ಲ ಎಂದು. ಮೊಮ್ಮಗಳೂ ಸೊಸೆಯೂ ಒಬ್ಬಳೇ ಆದ್ದರಿಂದ ಅಮ್ಮನಿಗೆ ಬೈಯಲೂ ಮುದ್ದು ಮಾಡಲೂ ಒಬ್ಬಳೇ ಸಾಕು. ನಿನ್ನ ಭಾವ ಎಂದಿನಂತೆ, ಎರಡು ಮಾತಾಡಿದರೆ ಹೆಚ್ಚು. ವೇಣಿ ತನ್ನ ಕಂಪನಿಯ ಪ್ಯಾಕಿಂಗ್ ಸೆಕ್ಷನ್ನಿನ ತೂಕದ ಮೆಷಿನ್ನಿನ ಮೇಲೆ ಸೂಟ್‌ಕೇಸ್ ಇಟ್ಟು ತೂಗಿಸಿಕೊಂಡು ಬಂದಳು, ಇಪ್ಪತ್ತೆರಡು ಕಿಲೋ ಎಂಟುನೂರು ಗ್ರಾಂ. ತುಂಬಿದ ಸೂಟ್‌ಕೇಸು ಎರಡು ತಿಂಗಳಿಂದ ಮಂಚದ ಕೆಳಗಿದೆ. ಅದರಲ್ಲಿಟ್ಟ ಚೂಡಿದಾರ ಬೇಕಾದಾಗ ತೆಗೆದು ತೊಟ್ಟು, ಒಗೆದು, ಇಸ್ತ್ರಿ ಮಾಡಿ ಮತ್ತೆ ಅಲ್ಲೇ ಇಡುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ‘ಎಂಬಸಿಯವರು ಇನ್ನೊಂದು ಡಾಕ್ಯುಮೆಂಟ್ ಕೇಳಿದ್ದಾರೆ ಮಾವ, ಕೊಟ್ಟರೆ ಆಯ್ತು’ ಎಂದಷ್ಟೇ ವೇಣಿ ನಿನಗೆ ಹೇಳಿದ್ದಾಳೆ. ಅವರು ಕೇಳಿರುವುದು ಡಾಕ್ಯುಮೆಂಟ್ ಅಲ್ಲ. ನೀನು ಇದೇ ಯೋಚನೆಯಲ್ಲಿ ಮೆಷಿನ್ನಿಗೆ ಕೈ ಕೊಟ್ಟುಬಿಡುತ್ತೀಯ ಎಂದು ಅವಳಿಗೆ ಭಯ, ಅದಕ್ಕೆ ಮುಚ್ಚಿಟ್ಟಿದ್ದಾಳೆ. ಮೊದಲೇ ಹೇಳಿಬಿಡುತ್ತೇನೆ, ತಪ್ಪು ಅವಳದಲ್ಲ, ವೀಸಾ ಫೈಲು ಜೋಡಿಸಿದ ದಾಸರಹಳ್ಳಿಯ ಬಾಲಾಜಿಯದೂ ಅಲ್ಲ. ತಪ್ಪು ನಿನ್ನ ಈ ಅಕ್ಕನದು.

ಆವತ್ತು ಬಾಲಾಜಿ ತನ್ನ ಆಫೀಸಿನಲ್ಲಿ ನಮ್ಮನ್ನು ಕೂರಿಸಿಕೊಂಡು ಹೇಳಿದ: ಆ ದೇಶಕ್ಕೆ ಹೋಗುವುದಕ್ಕಾಗಿಯೇ ಸುಳ್ಳು ಮದುವೆ ಮಾಡಿಕೊಳ್ಳುವವರಿದ್ದಾರೆ, ಆದ್ದರಿಂದ ನಿಮ್ಮದು ನಿಜವಾದ ಮದುವೆ ಎಂದು ತೋರಿಸಬೇಕು, ಜೊತೆಗಿರುವ ಫೋಟೋ ಕೊಡಿ, ಚಾಟ್ ಕೊಡಿ. ಮದುವೆಯ ಆಲ್ಬಂ ಬಿಟ್ಟರೆ ನೀವಿಬ್ಬರೂ ಜೊತೆಗೆ ನಿಂತ ಫೋಟೋ ಮೂರೇ ಮೂರು, ಮೂರರಲ್ಲೂ ನಡುವೆ ಅಮ್ಮ. ಚಾಟ್ ತೆಗೆದರೆ ‘ಊಟ ಆಯ್ತಾ’, ‘ಆಯ್ತು’, ‘ಅಜ್ಜಿ ಮಾತ್ರೆ ತಗೊಂಡ್ರಾ’, ‘ತಗೊಂಡ್ರು’. ಬಾಲಾಜಿ ತಲೆ ಕೆರೆದುಕೊಂಡ. ‘ಅಕ್ಕಾ, ಇದು ಗಂಡ ಹೆಂಡ್ತಿ ಚಾಟಾ? ಓನರ್ರು ಬಾಡಿಗೆಯವ್ರು ಮಾತಾಡ್ದಂಗಿದೆ’ ಎಂದ. ವೇಣಿಯ ಮುಖ ಕೆಂಪಾಯಿತು. ನನಗೆ ಅವಮಾನವಾಯಿತು. ಇಡೀ ಚೊಕ್ಕಸಂದ್ರದಲ್ಲಿ ಇವರದಕ್ಕಿಂತ ನಿಜವಾದ ಮದುವೆ ಯಾರದ್ದಿದೆ? ಎಲ್ಲಿಂದಲೋ ಬಂದ ಗುರುತಿಲ್ಲದ ಗಂಡಾದರೆ ಸುಳ್ಳಿರಬಹುದು. ಸ್ವಂತ ಸೋದರಮಾವನಿಗೆ ಕೊಟ್ಟ ಮದುವೆ ಸುಳ್ಳಾಗುವುದು ಹೇಗೆ? ನಮ್ಮ ಕಡೆ ಸೋದರಮಾವನಿದ್ದೂ ಹೆಣ್ಣನ್ನು ಹೊರಗೆ ಕೊಟ್ಟರೆ, ಹುಡುಗನಿಗೆ ಏನು ಐಬು ಎಂದು ಜನ ಕೇಳುತ್ತಾರೆ.

ಅದಕ್ಕೇ ಮನೆಗೆ ಬಂದವಳೇ ಬೀರು ತೆಗೆದೆ. ಅಪ್ಪ ತೀರಿಕೊಂಡಾಗ ಮನೆಯ ಖಾತೆ ಬದಲಾಯಿಸಲು ನಾಡಕಚೇರಿಯಿಂದ ಮಾಡಿಸಿದ್ದ ವಂಶವೃಕ್ಷ ಅಲ್ಲಿತ್ತು. ಮೇಲೆ ಅಪ್ಪ ನಲ್ಲಪ್ಪ, ಪಕ್ಕದಲ್ಲಿ ಅಮ್ಮ ಸೊಣ್ಣಮ್ಮ, ಕೆಳಗೆ ಎರಡು ಗೆರೆ, ಒಂದರ ತುದಿಯಲ್ಲಿ ನಾನು, ಇನ್ನೊಂದರಲ್ಲಿ ನೀನು. ಸರ್ಕಾರದ ಸೀಲು ಬೇರೆ ಇದೆ. ಯಶವಂತಪುರಕ್ಕೆ ಹೋಗಿ ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಿದೆ. ಅದರ ಜೊತೆಗೆ ವೇಣಿಗೆ ಕಿವಿ ಚುಚ್ಚಿಸಿದ ದಿನದ ಫೋಟೋ ಇಟ್ಟೆ. ನಿನಗಾಗ ಏಳು ವರ್ಷ, ಸೋದರಮಾವನ ತೊಡೆಯ ಮೇಲೇ ಚುಚ್ಚಿಸಬೇಕಲ್ಲ, ಪಂಚೆ ಉಡಿಸಿ ಕೂರಿಸಿದ್ದೆವು. ಅವಳು ಬಾಯಿ ತೆರೆದು ಅಳುತ್ತಿದ್ದಾಳೆ, ಅವಳಿಗಿಂತ ಜೋರಾಗಿ ನೀನು ಅಳುತ್ತಿದ್ದೀಯ. ಫೋಟೋದ ಹಿಂದೆ ನನಗೆ ಬಂದ ಇಂಗ್ಲಿಷಿನಲ್ಲಿ ಬರೆದೆ: ‘ಮದುಮಗಳು, ಹನ್ನೊಂದು ತಿಂಗಳು, ಮದುಮಗನ ತೊಡೆಯ ಮೇಲೆ.’ ಫೈಲು ಕೊಡುವ ದಿನ ಬೆಳಿಗ್ಗೆ ಹೊರಡುವಾಗ ವೇಣಿ ‘ಅಮ್ಮಾ, ಇದು ಲಿಸ್ಟಲ್ಲಿ ಇಲ್ಲ’ ಎಂದಳು. ಇರಲಿ, ಜಾಸ್ತಿ ಇದ್ದರೆ ಬಲ, ಕೊಡು ಎಂದು ನಾನೇ ಫೈಲಿಗೆ ತುರುಕಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವನು ತಂದಾನು ಎಂದು ಆವತ್ತು ನನಗೆ ಎಂಥ ಹೆಮ್ಮೆ ಗೊತ್ತಾ.

ಜನವರಿಯಲ್ಲಿ ಉತ್ತರ ಬಂತು. ವೇಣಿಯ ತಾಯಿಯೂ ವೇಣಿಯ ಗಂಡನೂ ಒಂದೇ ತಂದೆತಾಯಿಯ ಮಕ್ಕಳೆಂದು ನೀವು ಕೊಟ್ಟ ದಾಖಲೆಯೇ ಹೇಳುತ್ತದೆ, ಇಷ್ಟು ಹತ್ತಿರದ ರಕ್ತಸಂಬಂಧದ ಮದುವೆಯನ್ನು ನಮ್ಮ ಕಾನೂನು ಮದುವೆಯೆಂದು ಒಪ್ಪುವುದಿಲ್ಲ, ಹೇಳುವುದೇನಾದರೂ ಇದ್ದರೆ ಇಪ್ಪತ್ತೆಂಟು ದಿನದೊಳಗೆ ಹೇಳಿ ಎಂದು. ಬಾಲಾಜಿ ಓದಿ ಹೇಳಿದಾಗ ನನಗೆ ಅರ್ಥವೇ ಆಗಲಿಲ್ಲ, ಇನ್ನೊಂದು ಸಲ ಓದು ಎಂದೆ. ‘ಯಾರಕ್ಕಾ ನಿಮ್ಗೆ ಇದನ್ನ ಕೊಡಿ ಅಂದಿದ್ದು? ಕೇಳಿದ್ದಷ್ಟೇ ಕೊಡ್ಬೇಕು ಅಂತ ಬಡ್ಕೊಂಡಿರ್ಲಿಲ್ವಾ?’ ಎಂದು ಅವನು ಕೂಗಾಡಿದ. ಅದಾದ ನಾಲ್ಕು ದಿನಕ್ಕೆ ಎಂಬಸಿಯಿಂದ ಒಬ್ಬ ಹೆಂಗಸು ವೇಣಿಗೆ ಫೋನ್ ಮಾಡಿ, ಮದುವೆಗೆ ಮನೆಯವರು ಬಲವಂತ ಮಾಡಿದರಾ, ಹೆದರದೆ ಹೇಳು ಎಂದು ಕೇಳಿದಳಂತೆ. ನಮ್ಮ ಹುಡುಗಿ ಏನಂದಳು ಗೊತ್ತಾ? ‘ನಮ್ಮ ಮಾವನ್ನ ಬಿಟ್ಟು ಇನ್ಯಾರನ್ನ ಕಟ್ಕೊಳ್ಳಲಿ ಮೇಡಂ?’ ಎಂದಳಂತೆ. ನನ್ನ ಮುಂದೆ ಹೇಳಿ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದಳು.

ನನ್ನನ್ನು ಕೊರೆಯುವುದು ಇನ್ನೊಂದಿದೆ. ಹತ್ತಿರದ ಸಂಬಂಧದಲ್ಲಿ ಮದುವೆ ಬೇಡ ಎಂದು ಆರೋಗ್ಯ ಇಲಾಖೆಯವರು ಕೊಟ್ಟ ಚಾರ್ಟು ನಮ್ಮ ಅಂಗನವಾಡಿಯ ಗೋಡೆಯ ಮೇಲೆ ಹತ್ತು ವರ್ಷದಿಂದ ಇದೆ. ಅದನ್ನು ಅಂಟಿಸಿದವಳೂ ನಾನೇ, ತಾಯಂದಿರಿಗೆ ಓದಿ ಹೇಳುವವಳೂ ನಾನೇ. ಮನೆಗೆ ಬಂದರೆ ಮಾತ್ರ, ತೊಟ್ಟಿಲಲ್ಲಿದ್ದಾಗಲೇ ಇವಳು ನನ್ನ ತಮ್ಮನಿಗೆ ಎಂದು ಹೇಳಿದ್ದು ಎಲ್ಲಿ ಹೋಗಬೇಕು? ನೀವಿಬ್ಬರೂ ಒಬ್ಬರನ್ನೊಬ್ಬರು ಇಷ್ಟಪಟ್ಟಿರಿ, ಅದು ನಿಜ. ಇಷ್ಟಪಡದೆ ಇನ್ನೇನು ಮಾಡುತ್ತಿದ್ದಿರಿ, ಹುಟ್ಟಿದಾಗಿನಿಂದ ಅದೇ ಮಾತು ಕಿವಿಗೆ ಬಿದ್ದರೆ, ಎಂದು ಈಗ ಅನ್ನಿಸುತ್ತದೆ. ಇಲ್ಲಿ ಇದು ಮದುವೆ, ತಾಳಿ ಇದೆ, ರಿಜಿಸ್ಟರ್ ಆಫೀಸಿನ ಸರ್ಟಿಫಿಕೇಟ್ ಇದೆ. ವಿಮಾನ ಹತ್ತಿ ಇಳಿದರೆ ಅದೇ ಮದುವೆ ಮದುವೆಯಲ್ಲ. ಇದನ್ನು ಯಾರ ಹತ್ತಿರ ಹೋಗಿ ಕೇಳುವುದು? ನೀನು ಕೆಲಸ ಬಿಟ್ಟು ಬಂದುಬಿಡು ಎನ್ನುವ ಮಾತು ಬಾಯಿಗೆ ಬರುತ್ತದೆ. ಹದಿನಾಲ್ಕು ತಿಂಗಳಲ್ಲಿ ನೀನು ಅಲ್ಲಿ ಒಬ್ಬನೇ ಏನೇನು ಸಹಿಸಿದ್ದೀಯ ಎಂದು ನೆನೆದು ಬಾಯಿ ಮುಚ್ಚುತ್ತೇನೆ. ಕೈಕಾಲು ಕಟ್ಟಿ ಬಾವಿಗೆ ಹಾಕಿದ ಹಾಗಾಗಿದೆ.

ಹೋದ ಮಂಗಳವಾರ ಬಾಲಾಜಿ ನನ್ನೊಬ್ಬಳನ್ನೇ ಕರೆಸಿದ. ಒಂದು ದಾರಿ ಇದೆ ಎಂದ. ನೀನು ಮನೆಯಲ್ಲೇ ಹುಟ್ಟಿದವನು, ನಿನಗೆ ಜನನ ಪತ್ರ ಇಲ್ಲ. ‘ವಂಶವೃಕ್ಷದಲ್ಲಿ ಹೆಸರಿರೋದು ಸರಿ ಅಕ್ಕಾ, ಹೊಟ್ಟೇಲಿ ಹುಟ್ಟಿದ್ದು ಅಂತ ಎಲ್ಲಿ ಬರ್ದಿದೆ? ಸಾಕುಮಗ ಅಂತ ನಿಮ್ಮ ತಾಯಿ ಕೈಲಿ ಒಂದು ಅಫಿಡವಿಟ್ ಮಾಡಿಸ್ಬಿಡಿ. ಆವಾಗ ವೇಣಿಗೂ ಅಂಬರೀಶ್‌ಗೂ ರಕ್ತಸಂಬಂಧನೇ ಇಲ್ಲ’ ಎಂದ. ರಕ್ತ ಪರೀಕ್ಷೆ ಕೇಳಿದರೆ ಏನು ಮಾಡುವುದು ಎಂದೆ. ‘ಕೇಳ್ದಾಗ ನೋಡ್ಕೊಳ್ಳೋಣ’ ಎಂದ, ಟೀ ಕುಡಿಯುತ್ತಾ. ನನ್ನ ಮೈಯೆಲ್ಲ ಉರಿದುಹೋಯಿತು. ನೀನು ಹುಟ್ಟಿದಾಗ ನನಗೆ ಹದಿನಾಲ್ಕು ವರ್ಷ. ಹೊರಗೆ ಒಲೆ ಹಚ್ಚಿ ಸೂಲಗಿತ್ತಿಗೆ ಬಿಸಿನೀರು ಕೊಟ್ಟವಳು ನಾನು. ಎರಡು ದಿನ ಒದ್ದಾಡಿ ನಿನ್ನನ್ನು ಹೆತ್ತ ಅಮ್ಮನ ಕೈಯಲ್ಲಿ ಈ ಮಾತು ಬರೆಸುವುದಾ? ನಿನಗೆ ತಾಯಿ ಇಲ್ಲವೇನಯ್ಯಾ ಎಂದು ಬಾಯಿಗೆ ಬಂದಂತೆ ಬೈದು ಎದ್ದು ಬಂದೆ.

ಇಷ್ಟು ಕಣೋ ವಿಷಯ. ಕೊಟ್ಟ ಗಡುವು ಹದಿನಾರನೇ ತಾರೀಕು ಸೋಮವಾರಕ್ಕೆ ಮುಗಿಯುತ್ತದೆ. ಯಾರನ್ನಾದರೂ ಬೈಯಬೇಕೆನ್ನಿಸಿದರೆ ನನ್ನನ್ನು ಬೈ, ವೇಣಿಯ ಮೇಲೆ ಮಾತ್ರ ಮುನಿಸಿಕೊಳ್ಳಬೇಡ. ಅವಳು ನಿನ್ನ ಫೋನ್ ಬರುವ ಹೊತ್ತಿಗೆ ಮುಖ ತೊಳೆದು ಕುಂಕುಮ ಇಟ್ಟುಕೊಂಡು ಕೂರುತ್ತಾಳೆ. ಚಟ್ನಿಪುಡಿಗೆ ಎಣ್ಣೆ ಹಾಕಿಕೊಂಡು ತಿನ್ನು, ಬರಿದೇ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ಭಾವ ಕೇಳಿದ್ದಾರೆಂದು ಬರೆಯಲು ಹೇಳಿದರು. ಅಮ್ಮನ ಆಶೀರ್ವಾದ ಬೇರೆ ಬರೆಯುವುದೇ ಬೇಡ, ದಿನಾ ಸಂಜೆ ದೀಪ ಹಚ್ಚುವಾಗ ನಿನ್ನ ಹೆಸರು ಹೇಳಿಯೇ ಹಚ್ಚುತ್ತಾಳೆ. ಮುನೇಶ್ವರಸ್ವಾಮಿ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಮುನಿಲಕ್ಷ್ಮಿ

ತಾ.ಕ.: ನಂದೀಶ್ ಬಂದು ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದಾನೆ. ಬಾಲಾಜಿಯನ್ನು ಬೈದು ಎದ್ದು ಬಂದದ್ದು ನಿಜ. ಮಾರನೆಯ ದಿನ ನಾನೇ ಮತ್ತೆ ಹೋದದ್ದೂ ನಿಜ, ಮೇಲೆ ಅದನ್ನು ಬರೆಯಲು ಆಗಲಿಲ್ಲ. ಶುಕ್ರವಾರ ಅಮ್ಮನನ್ನು ಆಟೋದಲ್ಲಿ ನೋಟರಿ ಹತ್ತಿರ ಕರೆದುಕೊಂಡು ಹೋದೆ. ಆ ಅಫಿಡವಿಟ್ಟನ್ನು ಬಾಲಾಜಿ ಎಂಬಸಿಗೆ ಕಳಿಸಿಯಾಗಿದೆ. ವೇಣಿಗೆ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ. ಅಲ್ಲಿಂದ ಯಾರಾದರೂ ನಿನಗೆ ಫೋನ್ ಮಾಡಿದರೆ ನೀನು ಸಾಕುಮಗ, ತಿಂಗಳ ಕೂಸಿದ್ದಾಗ ತಂದು ಸಾಕಿದ್ದು, ಹೆತ್ತವರು ಯಾರೋ ಗೊತ್ತಿಲ್ಲ ಎಂದು ಹೇಳಬೇಕು. ತಪ್ಪಿಯೂ ಬೇರೆ ಹೇಳಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಈ ಕಾಗದವನ್ನು ಸುಟ್ಟುಬಿಡು. ನೋಟರಿ ಇಂಗ್ಲಿಷಿನಲ್ಲಿ ಗಡಗಡನೆ ಓದಿ ಮುಗಿಸಿದಾಗ ಅಮ್ಮ ನನ್ನ ಕಡೆ ತಿರುಗಿ ‘ಏನಂತೆ ಮುನೀ, ಏನ್ ಬರ್ದವ್ರೆ?’ ಎಂದು ಕೇಳಿದಳು. ‘ಅಂಬರೀಸ ನಿನ್ ಒಟ್ಟೇಲಿ ಉಟ್ಟಿದೋನು ಅಂತ ಬರ್ದವ್ರೆ ಕಣಮ್ಮ’ ಎಂದೆ. ಅಮ್ಮ ನಕ್ಕುಬಿಟ್ಟಳು. ‘ಅದ್ಕೂ ಒಂದ್ ಕಾಗ್ದ ಬೇಕಾ? ಯಾವನವ್ನೆ ಇಲ್ಲ ಅನ್ನೋನು?’ ಎನ್ನುತ್ತಾ ಸೆರಗಿನಲ್ಲಿ ಹೆಬ್ಬೆಟ್ಟು ಒರೆಸಿಕೊಂಡು, ಶಾಯಿಗೆ ಅದ್ದಿ, ಚೆನ್ನಾಗಿ ಮೂಡಲಿ ಎಂದು ಎರಡು ಸಲ ಒತ್ತಿದಳು.